ಪುರಾಣ ಹಚ್ಚುವ ಊರಲ್ಲಿ ಕೂಸಿಗೆ ಓದುವವರು ಯಾರು?

ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಸಿದ್ಧಪರ್ವತ, ಅಂಬಾಮಠ ಎಂದರೆ ನಮ್ಮ ಕಡೆಯವರಿಗೆ ಜಾತ್ರೆಯ ಜೊತೆಗೆ ದೇವಿ ಪುರಾಣವೂ ನೆನಪಾಗುತ್ತದೆ. ಅಲ್ಲಿ ನೆಲೆಸಿದ್ದ ಚಿದಾನಂದಾವಧೂತರು ಬರೆದ ಆ ಷಟ್ಪದಿ ಕಾವ್ಯವನ್ನು ನವರಾತ್ರಿ ಬಂತೆಂದರೆ ಉತ್ತರ ಕರ್ನಾಟಕದ ಎಷ್ಟೋ ಊರುಗಳ ಗುಡಿಗಳಲ್ಲಿ ಹಚ್ಚುತ್ತಾರೆ. ಒಬ್ಬರು ಪದ್ಯವನ್ನು ರಾಗ ಹಿಡಿದು ಓದುತ್ತಾರೆ, ಪಕ್ಕದಲ್ಲಿ ಕುಳಿತವರು ಅದರ ಅರ್ಥವನ್ನು ಊರ ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಶ್ರಾವಣ ಬಂದರೆ ಶರಣಬಸವೇಶ್ವರರ ಪುರಾಣ. ದಿನವೆಲ್ಲ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚಿದ ಹೆಂಗಸರು, ತೊಗರಿ ಹೊಲದಿಂದ ಬಂದ ಗಂಡಸರು ರಾತ್ರಿ ಬಂದು ಕೂತು ಕೇಳುತ್ತಾರೆ. ಅವರಲ್ಲಿ ಅಕ್ಷರ ಬಲ್ಲವರೆಷ್ಟು ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಪುಸ್ತಕ ಒಬ್ಬರ ಕೈಯಲ್ಲಿದ್ದರೆ ಕಥೆ ಎಲ್ಲರಿಗೂ ಸಿಗುತ್ತದೆ.

ಇನ್ನೂ ಹಿಂದಕ್ಕೆ ಹೋಗಬಹುದು. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಅದರಲ್ಲಿದ್ದುದರಿಂದ ಆ ಬಿರುದಿನ ಅರಸ ಯಾರೆಂಬ ಚರಿತ್ರೆಕಾರರ ಸಂದೇಹ ತೀರಿತು. ಬ್ರಾಹ್ಮಿ ಲಿಪಿಯ ಆ ಪ್ರಾಕೃತವನ್ನು ಅಂದು ಈ ಬಯಲಿನಲ್ಲಿ ಓದಬಲ್ಲವರು ಬೆರಳೆಣಿಕೆಯಷ್ಟೇ ಇದ್ದಿರಬೇಕು. ಹಾಗಿದ್ದರೆ ಬರೆಸಿದ್ದು ಯಾರಿಗಾಗಿ? ಒಡಿಶಾದ ಧೌಲಿಯ ಶಾಸನದಲ್ಲಿ ಅಶೋಕನೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ತಿಷ್ಯ ನಕ್ಷತ್ರದ ದಿನಗಳಂದು ಇದನ್ನು ಜನರಿಗೆ ಕೇಳಿಸಬೇಕು, ನಡುವೆ ಸಮಯ ಒದಗಿದರೆ ಒಬ್ಬನೇ ಇದ್ದರೂ ಅವನಿಗೆ ಕೇಳಿಸಬೇಕು ಎಂಬುದು ಅವನ ಅಪ್ಪಣೆ. ಬರಹವನ್ನು ಬಾಯಿಂದ ಕಿವಿಗೆ ದಾಟಿಸುವ ಕೆಲಸ ಬರಹದಷ್ಟೇ ಹಳೆಯದು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಗೊರೇಬಾಳದಂಥ ಊರುಗಳಲ್ಲಿ ಅದು ಇನ್ನೂ ಜೀವಂತವಾಗಿದೆ.

ಆದರೆ ಈ ಪದ್ಧತಿ ಮೂರು, ನಾಲ್ಕು, ಐದು ವರ್ಷದ ಕೂಸಿನ ಹತ್ತಿರ ಬಂದಾಗ ನಿಂತುಬಿಡುತ್ತದೆ. ದೊಡ್ಡವರಿಗೆ ನಾವು ಓದಿ ಹೇಳುತ್ತೇವೆ. ಮಕ್ಕಳಿಗೆ ಮಾತ್ರ, "ಓದು ನೋಡೋಣು" ಎನ್ನುತ್ತೇವೆ. ಅಪ್ಪ ಕಟ್ಟೆಯ ಮೇಲೆ ಕೂತು ಪಾಠದ ಪುಸ್ತಕ ತೆಗೆಸುತ್ತಾನೆ, ಮಗ ಅಕ್ಷರ ಕೂಡಿಸಿ ಕೂಡಿಸಿ ತಡವರಿಸುತ್ತಾನೆ, ತಪ್ಪಿದಲ್ಲಿ ಗದರಿಕೆ ಬೀಳುತ್ತದೆ. ಮನೆಯಲ್ಲಿ ಪುಸ್ತಕ ಬಿಚ್ಚುವ ಹೊತ್ತು ಪರೀಕ್ಷೆಯ ಹೊತ್ತಾಗುತ್ತದೆ. ಶಾಲೆಯ ಮೊದಲ ವರ್ಷಗಳಲ್ಲೂ, ಅದಕ್ಕೂ ಮುಂಚಿನ ಅಂಗನವಾಡಿಯ ವರ್ಷಗಳಲ್ಲಂತೂ, ಈ ಸಂಬಂಧ ತಿರುವುಮುರುವಾಗಬೇಕು ಎಂಬುದು ನನ್ನ ವಾದ. ಓದುವ ಕೆಲಸ ದೊಡ್ಡವರದು, ಕೇಳುವುದೂ ಪ್ರಶ್ನೆ ಮಾಡುವುದೂ ಕೂಸಿನದು. ಕನ್ನಡ ಕಲಿಯುವ ಮಗುವಿಗೆ, ಅದರಲ್ಲೂ ನಮ್ಮ ಸೀಮೆಯ ಮಗುವಿಗೆ, ಇದು ಬೇರೆಯವರಿಗಿಂತ ಹೆಚ್ಚು ಬೇಕು. ಅದಕ್ಕೆ ಕಾರಣ ನಮ್ಮ ಲಿಪಿಯಲ್ಲೂ ಇದೆ, ನಮ್ಮ ಆಡುಮಾತಿನಲ್ಲೂ ಇದೆ.

ಲಿಪಿಯನ್ನೇ ಮೊದಲು ನೋಡೋಣ. ವರ್ಣಮಾಲೆಯಲ್ಲಿರುವುದು 49 ಅಕ್ಷರ. ಆದರೆ ಮಗು ಪುಟದ ಮೇಲೆ ಎದುರಿಸುವುದು ಬರೀ ಅವುಗಳನ್ನಲ್ಲ. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಗುರುತಿಸಬೇಕಾದ ಆಕಾರಗಳು 400 ದಾಟುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆಯೇ. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ ಕನ್ನಡ ಶಾಲಾ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಮುಖ್ಯವಾದದ್ದು. ಕನ್ನಡದ ಅಕ್ಷರ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯವರೆಗೂ ಅದರಾಚೆಗೂ ನಡೆಯುತ್ತದೆ ಎಂದು ಅವರು ತೋರಿಸಿದರು. ಇದು ಮಗುವಿನ ದಡ್ಡತನವೂ ಅಲ್ಲ, ಮಾಸ್ತರರ ಸೋಮಾರಿತನವೂ ಅಲ್ಲ. ನಮ್ಮ ಲಿಪಿ ಅಷ್ಟು ಹೊತ್ತು ಕೇಳುತ್ತದೆ.

ಆ ಮೂರು ನಾಲ್ಕು ವರ್ಷ ಮಗು ಸ್ವಂತ ಬಲದಿಂದ ಏನನ್ನು ಓದಬಲ್ಲದು? ಸರ್ಕಾರಿ ಶಾಲೆಗಳ ನಲಿಕಲಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಸುಲಭವಾಗಿ ಬರೆಯಬಹುದಾದ, ಪದ ಕಟ್ಟಲು ಒದಗುವ ಅಕ್ಷರಗಳನ್ನು ಮುಂದಿಟ್ಟದ್ದು ಜಾಣತನವೇ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಆರಂಭವಾದ ಆ ಪದ್ಧತಿ ಕಂಠಪಾಠದ ಹಿಡಿತದಿಂದ ಎಷ್ಟೋ ಮಕ್ಕಳನ್ನು ಬಿಡಿಸಿತು. ಆದರೂ ಈ ಐದು ಅಕ್ಷರಗಳಿಂದ ಆಗುವುದು ಸರ, ಅರಸ, ಗರಗಸದಂಥ ಕೆಲವೇ ಪದಗಳು. ಆರು ವರ್ಷದ ಮಗುವಿನ ತಲೆಯೋ ಇದಕ್ಕಿಂತ ಎಷ್ಟೋ ಮುಂದಿರುತ್ತದೆ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಅಪ್ಪ ಬೆಂಗಳೂರಿಗೆ ಯಾಕೆ ದುಡಿಯಲು ಹೋದ, ಪಕ್ಕದ ಮನೆಯ ಎಮ್ಮೆ ಯಾಕೆ ಹಾಲು ಕೊಡುತ್ತಿಲ್ಲ, ಇದೆಲ್ಲ ಅದಕ್ಕೆ ಗೊತ್ತು. ಮೊಹರಂನಲ್ಲಿ ಮುದಗಲ್ಲಿಗೆ ಹೋಗಿ ಬಂದ ಕಥೆಯನ್ನು ಎಳೆ ಬಿಡದೆ ಹೇಳಬಲ್ಲ ಹುಡುಗಿಗೆ ಪುಸ್ತಕ ಕೊಡುವುದು 'ಗರಗಸ' ಎಂಬ ಒಂದು ಪದ. ಪುಸ್ತಕದಲ್ಲಿ ತನಗೆ ಬೇಕಾದದ್ದು ಏನೂ ಇಲ್ಲ ಎಂದು ಆಕೆ ತೀರ್ಮಾನಿಸಿದರೆ ಅದು ಅವಳ ತಪ್ಪೇ?

ಈ ಅಂತರವನ್ನು ತುಂಬಬಲ್ಲದ್ದು ದೊಡ್ಡವರ ದನಿ ಮಾತ್ರ. ಮಗುವಿನ ಕಣ್ಣು 'ಅರಸ'ದ ಹತ್ತಿರ ಇದ್ದಾಗಲೇ ಅದರ ಕಿವಿ ಒಂದು ಇಡೀ ಕಥೆಯನ್ನು, ಉದ್ದ ವಾಕ್ಯಗಳನ್ನು, ಕಾರಣ ಪರಿಣಾಮಗಳ ಹೆಣಿಗೆಯನ್ನು ಪುಸ್ತಕದಿಂದಲೇ ಪಡೆಯಬಹುದು. ನಾಲ್ಕು ವರ್ಷಗಳ ನಂತರ ಕಣ್ಣು ಪಳಗಿದಾಗ ಓದಿದ್ದನ್ನು ಅರ್ಥ ಮಾಡಿಕೊಳ್ಳುವ ಬುದ್ಧಿ ಆಗಲೇ ಸಿದ್ಧವಾಗಿರುತ್ತದೆ.

ಹಾಗಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಜಿಲ್ಲೆಯೇ ಸಾಕ್ಷಿ. ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿಯ ಕನ್ನಡ ಮಕ್ಕಳನ್ನೂ ಮಹಾರಾಷ್ಟ್ರದ ವಾಡಾದ ಮರಾಠಿ ಮಕ್ಕಳನ್ನೂ ಹಲವು ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನದ ವರದಿ 2017ರಲ್ಲಿ ಬಂತು. ಮೊದಲು ಅಕ್ಷರ ಮುಗಿಯಲಿ, ಅರ್ಥ ತಾನಾಗಿ ಹಿಂದೆ ಬರುತ್ತದೆ ಎಂಬ ನಂಬಿಕೆಯ ಮೇಲೆ ಪಠ್ಯವೂ ಪಾಠವೂ ನಿಂತಿವೆ ಎಂದು ಅದು ಗುರುತಿಸಿತು. ಮಗುವಿನ ಮಾತಿಗೆ, ಅನುಭವಕ್ಕೆ, ಕಥೆಗೆ ತರಗತಿಯಲ್ಲಿ ಜಾಗ ಕಡಿಮೆ. ಅಕ್ಷರ ಮುಗಿಯುವ ದಿನವೇ ಬಾರದ ಮಕ್ಕಳು ಅರ್ಥದ ಬಾಗಿಲಿಗೂ ಬರುವುದಿಲ್ಲ. ಮೂರನೆಯ ತರಗತಿಯಲ್ಲಿ ಕೂತು ಒಂದು ವಾಕ್ಯ ಓದಲಾಗದ ಮಕ್ಕಳನ್ನು ನಮ್ಮ ಊರುಗಳ ಯಾವ ಶಿಕ್ಷಕರು ನೋಡಿಲ್ಲ?

ಆಡುಮಾತಿನ ಕಾರಣ ಇದಕ್ಕಿಂತ ಸೂಕ್ಷ್ಮವಾದದ್ದು. ಅದರ ಬಗ್ಗೆ ಬೆಂಗಳೂರಿನಲ್ಲಿ ಕೂತು ಪುಸ್ತಕ ಬರೆಯುವವರು ಯೋಚಿಸುವುದು ಕಡಿಮೆ. ನಮ್ಮ ಮಗು 'ನೀರಡಿಕಿ' ಎನ್ನುತ್ತದೆ, ಪುಸ್ತಕದ ಕಾಗೆಗೆ 'ಬಾಯಾರಿಕೆ'. ಮಗು 'ಸಾಲಿ'ಗೆ ಹೋಗುತ್ತದೆ, 'ಮನ್ಯಾಗ' ಇರುತ್ತದೆ, 'ಕುಂದ್ರು' ಎಂದರೆ ಕೂರುತ್ತದೆ. ಪುಸ್ತಕದ ಹುಡುಗ 'ಶಾಲೆ'ಗೆ ಹೋಗಿ 'ಕುಳಿತುಕೊಳ್ಳುತ್ತಾನೆ'. 'ಅಂವ ಹೋಗ್ಯಾನ' ಎಂಬುದು 'ಅವನು ಹೋಗಿದ್ದಾನೆ' ಆಗಿರುತ್ತದೆ. ನಮ್ಮ ಮಾತೂ ಕನ್ನಡವೇ, ಪುಸ್ತಕದ್ದೂ ಕನ್ನಡವೇ. ಆದರೆ ಆರು ವರ್ಷದ ಮಗುವಿಗೆ ಒಂದೇ ಹೊತ್ತಿನಲ್ಲಿ ಎರಡು ಹೊರೆ: ಗೊತ್ತಿಲ್ಲದ ಆಕಾರವನ್ನು ಗುರುತಿಸಬೇಕು, ಗುರುತಿಸಿದ ಮೇಲೆ ಕಿವಿಗೆ ಬಿದ್ದ ಪದ ತಾನು ಆಡದ ಪದವಾಗಿರುತ್ತದೆ. ಮೈಸೂರು ಕಡೆಯ ಮಗುವಿಗೆ ಎರಡನೆಯ ಹೊರೆ ಇಷ್ಟು ಭಾರವಲ್ಲ.

ನಮ್ಮಲ್ಲಿ ಇದಕ್ಕೂ ಹೆಚ್ಚಿನ ಹೊರೆ ಹೊತ್ತ ಮಕ್ಕಳಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಬಂದು ನೆಲೆಸಿದ ಕ್ಯಾಂಪುಗಳಲ್ಲಿ ತೆಲುಗು, ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಬಂಗಾಳಿ, ಲಿಂಗಸುಗೂರು ಮಸ್ಕಿ ಕಡೆಯ ತಾಂಡಾಗಳಲ್ಲಿ ಲಂಬಾಣಿ, ಪೇಟೆಯ ಓಣಿಗಳಲ್ಲಿ ಉರ್ದು. ಇವರೆಲ್ಲರ ಮಕ್ಕಳೂ ಕನ್ನಡ ಶಾಲೆಯ ಒಂದೇ ಕೋಣೆಯಲ್ಲಿ ಕೂರಬಹುದು. ಪುಸ್ತಕದ ಕನ್ನಡವನ್ನು ಇವರು ಮೊದಲ ಸಲ ಕೇಳುವುದು ಆಜ್ಞೆಯ ರೂಪದಲ್ಲಾಗಬಾರದು, ಕಥೆಯ ರೂಪದಲ್ಲಾಗಬೇಕು. ಪರೀಕ್ಷೆಯ ಭಯವಿಲ್ಲದೆ ದಿನವೂ ಹತ್ತು ನಿಮಿಷ ಕಿವಿಗೆ ಬಿದ್ದ ಭಾಷೆ ಅಪರಿಚಿತವಾಗಿ ಉಳಿಯುವುದಿಲ್ಲ. ದೇವಿ ಪುರಾಣದ ಹಳೆಯ ಷಟ್ಪದಿಯನ್ನು ನಮ್ಮ ಅಜ್ಜಿಯರು ಅರ್ಥ ಮಾಡಿಕೊಂಡದ್ದು ಹಾಗೆಯೇ. ಪದ್ಯ ಪುಸ್ತಕದ ಭಾಷೆಯಲ್ಲಿ ಬಂತು, ಅರ್ಥ ಮನೆಯ ಭಾಷೆಯಲ್ಲಿ ಬಂತು, ವರ್ಷ ವರ್ಷ ಎರಡನ್ನೂ ಕೇಳಿ ಕೇಳಿ ಪದ್ಯವೇ ತಿಳಿಯತೊಡಗಿತು.

ಅದೇ ವಿಧಾನವನ್ನು ಅಂಗನವಾಡಿಯ ಚಾಪೆಯ ಮೇಲೆ ತಂದರೆ ಹೇಗಿರುತ್ತದೆ? ಚಿತ್ರದ ಪುಸ್ತಕ ಬಿಚ್ಚಿದೆ. ಆಡೊಂದು ಬೇಲಿ ದಾಟುತ್ತಿದೆ.

"ಆಡು ಎಲ್ಲಿ ಹೊಂಟೈತಿ?"

"ಹೊಲದಾಗ ಹೊಕ್ಕೈತ್ರಿ ಟೀಚರ್."

"ಯಾಕ ಹೊಕ್ಕಿರಬೌದು?"

"ಹಸಿವಿ ಆಗಿತ್ತದಕ್ಕ."

"ಹೌದಾ? ಪುಸ್ತಕ ಏನು ಹೇಳ್ತೈತಿ ನೋಡೋಣು." ಟೀಚರ್ ಸಾಲಿನ ಕೆಳಗೆ ಬೆರಳು ಇಟ್ಟು ಓದುತ್ತಾರೆ: ಆಡಿಗೆ ಹಸಿವಾಗಿತ್ತು.

ಮಗು ಹೇಳಿದ ಮಾತೇ ಪುಸ್ತಕದಲ್ಲಿದೆ, ಸ್ವಲ್ಪ ಬೇರೆ ಬಟ್ಟೆ ತೊಟ್ಟುಕೊಂಡು. ತನ್ನ ಊಹೆಯೂ ಪುಸ್ತಕದ ಮಾತೂ ಒಂದೇ ಎಂದು ತಿಳಿದ ಕೂಸಿನ ಮುಖ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. 'ಹಸಿವಿ' ತಪ್ಪು, 'ಹಸಿವು' ಸರಿ ಎಂದು ಟೀಚರ್ ತಿದ್ದಲಿಲ್ಲ ಎಂಬುದನ್ನು ಗಮನಿಸಬೇಕು. ಓದಿದರು, ಅಷ್ಟೇ. ತಿದ್ದುವಿಕೆ ಆ ಓದಿನೊಳಗೇ ಇತ್ತು.

ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಯೋಗದ ತಿರುಳು ಇದೇ. ಮಕ್ಕಳಿಗೆ ಆಗಲೇ ಓದಿ ಹೇಳುತ್ತಿದ್ದ ತಂದೆ ತಾಯಿಯರ ಒಂದು ಗುಂಪಿಗೆ ಅವರು ಓದುವ ರೀತಿಯನ್ನಷ್ಟೇ ಬದಲಿಸಲು ಹೇಳಿಕೊಟ್ಟರು. ಹೌದು, ಅಲ್ಲ ಎಂಬ ಉತ್ತರದ ಪ್ರಶ್ನೆ ಬಿಟ್ಟು ಏನು, ಯಾಕೆ, ಮುಂದೇನು ಎಂದು ಕೇಳಬೇಕು. ಮಗು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸಿ ಮರಳಿಸಬೇಕು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದೆ ಹೋಯಿತು. 1992ರಲ್ಲಿ ಮೆಕ್ಸಿಕೊದಲ್ಲಿ ಬಡ ಕುಟುಂಬಗಳ ಮಕ್ಕಳಿದ್ದ ಶಿಶುಪಾಲನಾ ಕೇಂದ್ರದಲ್ಲೂ ಇದು ಫಲ ಕೊಟ್ಟ ವರದಿ ಬಂತು. ಅಲ್ಲಿ ಓದಿದ್ದು ಶಿಕ್ಷಕರು. ನಮ್ಮ ಅಂಗನವಾಡಿಗೆ ಹತ್ತಿರದ ಉದಾಹರಣೆ ಇದು.

ಇಷ್ಟು ಹೇಳಿದ ಮೇಲೆ ಓದಿ ಹೇಳುವುದರಿಂದ ಆಗದ್ದು ಏನು ಎಂಬುದನ್ನೂ ನೇರವಾಗಿ ಹೇಳಬೇಕು. ಇಲ್ಲದಿದ್ದರೆ ಇದು ಇನ್ನೊಂದು ಸರ್ವರೋಗ ನಿವಾರಕ ಮದ್ದಾಗಿಬಿಡುತ್ತದೆ. ಕಥೆ ಕೇಳಿದ ಮಾತ್ರಕ್ಕೆ ಮಗು ಅಕ್ಷರ ಕಲಿಯುವುದಿಲ್ಲ. ಕೆನಡಾದ ಮೊನಿಕ್ ಸೆನೆಶಾಲ್ ಮತ್ತು ಜೋ-ಆನ್ ಲೆಫೆವ್ರ್ 168 ಮಕ್ಕಳನ್ನು ಐದು ವರ್ಷ ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬಿಡಿಸಿ ತೋರಿಸಿತು. ಮನೆಯಲ್ಲಿ ಕಥೆಪುಸ್ತಕ ಓದಿ ಹೇಳಿದ್ದು ಮಕ್ಕಳ ಪದಸಂಪತ್ತನ್ನೂ ಕೇಳಿ ತಿಳಿಯುವ ಶಕ್ತಿಯನ್ನೂ ಬೆಳೆಸಿತು. ಅಕ್ಷರ ಓದಿ ಬರೆಯುವ ಮೊದಲ ಕೌಶಲ ಬಂದದ್ದು ತಂದೆ ತಾಯಿ ಅದನ್ನೇ ಕೂತು ಕಲಿಸಿದಾಗ. ಒಂದನೆಯ ತರಗತಿಯಲ್ಲಿ ಮುಂದಿದ್ದವರು ಅಕ್ಷರ ಕಲಿಸಿಕೊಂಡವರು. ಮೂರನೆಯ ತರಗತಿಗೆ ಬಂದು, ಓದಿದ್ದನ್ನು ತಿಳಿಯಬೇಕಾದಾಗ, ಕಥೆ ಕೇಳಿ ಬೆಳೆದ ಮಾತಿನ ಬಲ ಕೆಲಸಕ್ಕೆ ಬಂತು. ನಮ್ಮ ಶಾಲೆಗಳಲ್ಲಿ ಮಕ್ಕಳು ಮುಗ್ಗರಿಸುವುದೂ ಆ ಮೂರನೆಯ ತರಗತಿಯ ಆಸುಪಾಸಿನಲ್ಲೇ. ಒಂದನೆಯ ತರಗತಿಯ ಅಳತೆಗೋಲಿನಿಂದ ಕಥೆಯ ಫಲ ಅಳೆಯಲು ಹೋದರೆ ಅದು ಕಾಣುವುದೇ ಇಲ್ಲ. ಅದಕ್ಕೇ ಅದನ್ನು ಬಿಟ್ಟುಬಿಡುವುದು ಸುಲಭ.

ಅಡ್ರಿಯಾನಾ ಬುಸ್ ಮತ್ತು ಸಂಗಡಿಗರು 1995ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಮಕ್ಕಳ ನಡುವೆ ಮಾತು, ಓದಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇ 8ರಷ್ಟನ್ನು ಪುಸ್ತಕ ಓದಿ ಹೇಳುವುದರಿಂದ ವಿವರಿಸಬಹುದು ಎಂದು ಕಂಡುಕೊಂಡರು. ಕೇಳಲು ಸಣ್ಣ ಸಂಖ್ಯೆ. ತಾಯಿಯ ಓದು, ಮನೆಯ ಆದಾಯ, ಊಟ, ಶಾಲೆಯ ದೂರ ಇವೆಲ್ಲ ಮಗುವಿನ ಕಲಿಕೆಯನ್ನು ಎಳೆಯುವಾಗ ಒಂದು ಪುಸ್ತಕ ಮತ್ತು ಹತ್ತು ನಿಮಿಷ ಇಷ್ಟು ಮಾಡುತ್ತದೆ ಎಂದರೆ ನನಗೆ ಅದು ಸಣ್ಣದಾಗಿ ಕಾಣುವುದಿಲ್ಲ. ಮನೆಯ ಆದಾಯವನ್ನು ಅಂಗನವಾಡಿ ಟೀಚರ್ ಬದಲಿಸಲಾರರು, ಆ ಹತ್ತು ನಿಮಿಷವನ್ನು ಬದಲಿಸಬಲ್ಲರು.

ಸಾಲಿನ ಕೆಳಗೆ ಬೆರಳು ಆಡಿಸುವ ವಿಷಯವನ್ನೂ ಹೇಳಿಬಿಡುತ್ತೇನೆ. ಓದಿ ಹೇಳುವಾಗ ಮಕ್ಕಳ ಕಣ್ಣು ಎಲ್ಲಿರುತ್ತದೆ ಎಂದು ಯಂತ್ರದಿಂದ ಅಳೆದ ಅಮೆರಿಕದ ಲಾರಾ ಜಸ್ಟಿಸ್ ಮತ್ತು ಸಂಗಡಿಗರಿಗೆ ಕಂಡದ್ದು, ಅವು ಹೆಚ್ಚು ಕಡಿಮೆ ಪೂರ್ತಿ ಚಿತ್ರದ ಮೇಲೇ ಇರುತ್ತವೆ ಎಂದು. ಅಕ್ಷರದ ಕಡೆ ತಾವಾಗಿ ಹೋಗುವುದಿಲ್ಲ. ಆದ್ದರಿಂದ ಬೆರಳು ಬೇಕು. ಕನ್ನಡದಲ್ಲಿ ಬೆರಳಿಗೆ ಇನ್ನೊಂದು ಅನುಕೂಲವಿದೆ. ನಮ್ಮ ಒಂದು ಅಕ್ಷರ ಬಾಯಿಯ ಒಂದು ಉಲಿಗೆ ಸಮ. 'ಕಮಲ' ಎನ್ನುವಾಗ ಮೂರು ಚಪ್ಪಾಳೆ, ಪುಟದ ಮೇಲೆ ಮೂರು ಆಕಾರ. ಕೇಳಿದ್ದಕ್ಕೂ ಕಂಡದ್ದಕ್ಕೂ ಇಷ್ಟು ನೇರ ನಂಟು ಇಂಗ್ಲಿಷ್ ಓದುವ ಮಗುವಿಗೆ ಸಿಗುವುದಿಲ್ಲ. ಲಿಪಿ ದೊಡ್ಡದು ಎಂದು ಮೇಲೆ ದೂರಿದ್ದೇನೆ, ಅದರ ಈ ಉಪಕಾರವನ್ನೂ ನೆನೆಯಬೇಕು.

ಈಗ ಕಷ್ಟದ ಪ್ರಶ್ನೆ. ಓದುವವರು ಯಾರು? 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ 59.56, ಜಿಲ್ಲೆಯ ಹೆಂಗಸರದು ಶೇ 48.73. ಅಂದು ಓದಲು ಬಾರದ ಹುಡುಗಿಯರು ಇಂದು ತಾಯಂದಿರು, ಅಂದಿನ ತಾಯಂದಿರು ಇಂದು ಅಜ್ಜಿಯರು. ಇದರ ಬೇರು ಹಳೆಯದು. 1948ರ ಸೆಪ್ಟೆಂಬರ್ 17ರವರೆಗೆ ಈ ಜಿಲ್ಲೆ ನಿಜಾಮನ ಆಳ್ವಿಕೆಯಲ್ಲಿತ್ತು, ಶಾಲೆಯ ಮತ್ತು ಕಚೇರಿಯ ಭಾಷೆ ಉರ್ದುವಾಗಿತ್ತು, ಕನ್ನಡದಲ್ಲಿ ಓದುವ ಅವಕಾಶ ವಿರಳವಾಗಿತ್ತು. ಹೆಣ್ಣುಮಕ್ಕಳಿಗೆ ಇನ್ನೂ ವಿರಳ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂದದ್ದು ಸಂವಿಧಾನದ 98ನೆಯ ತಿದ್ದುಪಡಿಯಿಂದ, ಸ್ವಾತಂತ್ರ್ಯ ಸಿಕ್ಕಿ ಆರು ದಶಕ ದಾಟಿದ ಮೇಲೆ. ಇಂಥ ನೆಲದಲ್ಲಿ ನಿಂತು "ತಾಯಂದಿರೇ, ರಾತ್ರಿ ಮಲಗುವಾಗ ಮಗುವಿಗೆ ಪುಸ್ತಕ ಓದಿ ಹೇಳಿ" ಎಂದು ಉಪದೇಶ ಮಾಡುವುದು ಅನ್ಯಾಯ. ನಾಟಿಯ ಕಾಲದಲ್ಲಿ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋದ ತಾಯಿ ಮರಳುವುದು ಸಂಜೆಗೆ. ಒಣಬೇಸಾಯದ ಲಿಂಗಸುಗೂರು, ಮಸ್ಕಿ ಕಡೆಯಿಂದ ಬೆಂಗಳೂರಿಗೋ ಪುಣೆಗೋ ಗುಳೆ ಹೋದ ಅಪ್ಪ ಅವ್ವ ಹಬ್ಬಕ್ಕೆ ಬಂದರೆ ಉಂಟು. ಕೂಸು ಅಜ್ಜಿಯ ಹತ್ತಿರ ಬೆಳೆಯುತ್ತದೆ. ಪೇಟೆಯ ಮಧ್ಯಮ ವರ್ಗದ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಾವ ಸಲಹೆಯೂ ಇಲ್ಲಿ ನಿಲ್ಲುವುದಿಲ್ಲ.

ಅಜ್ಜಿಯ ಕಥೆ ಸಾಲದೇ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದು. ಅಜ್ಜಿಯ ಬಾಯಲ್ಲಿ ಬರುವ ಕಥೆ ಮಗುವಿಗೆ ಕಥೆಯ ಬೆನ್ನೆಲುಬನ್ನು ಕೊಡುತ್ತದೆ: ಆರಂಭ, ಸಂಕಟ, ಉಪಾಯ, ಕೊನೆ. ಕಾಯುವ, ಊಹಿಸುವ, ಮರುಕಪಡುವ ಗುಣವನ್ನೂ ಕೊಡುತ್ತದೆ. ಅದು ಕಳೆದುಹೋಗಬಾರದು. ಆದರೆ ಪುಸ್ತಕ ಮಾತ್ರ ಕೊಡಬಲ್ಲದ್ದು ಒಂದಿದೆ. ಅಜ್ಜಿಯ ಕಥೆ ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆ. ಅದರ ಸೊಗಸೇ ಅದು. ಪುಸ್ತಕದ ಕಥೆ ಟೀಚರ್ ಓದಿದರೂ ಅಕ್ಕ ಓದಿದರೂ ಅದೇ ಪದ, ಅದೇ ಕ್ರಮ. ಹತ್ತನೆಯ ಸಲ ಓದುವಾಗ ಒಂದು ಸಾಲು ಹಾರಿಸಿ ನೋಡಿ, ಮೂರು ವರ್ಷದ ಕೂಸು ಹಿಡಿದು ನಿಲ್ಲಿಸುತ್ತದೆ. ಮಾತು ಓದುವವರ ಬಾಯಲ್ಲಿಲ್ಲ, ಆ ಕಪ್ಪು ಗೆರೆಗಳಲ್ಲಿದೆ ಎಂದು ಅದಕ್ಕೆ ಹೊಳೆದಿದೆ ಎಂದರ್ಥ. ಸಾಕ್ಷರತೆಯ ಮೊದಲ ಹೆಜ್ಜೆ ಅದೇ. ಅದು ಆಗದೆ ತಿದ್ದಿಸುವ 'ಅ ಆ ಇ ಈ' ಬರೀ ಗೆರೆಯಾಗಿ ಉಳಿಯುತ್ತದೆ.

ಮೊಬೈಲೇ ಕಥೆ ಓದಿ ಹೇಳುತ್ತದಲ್ಲ ಎನ್ನುವುದು ಇತ್ತೀಚಿನ ಮಾತು. ಗುಳೆ ಹೋದ ತಾಯಿ ವಿಡಿಯೊ ಕರೆಯಲ್ಲಿ ಮಗುವಿನ ಜೊತೆ ಮಾತಾಡುವುದು ದೊಡ್ಡ ಸಂಗತಿಯೇ, ಅದನ್ನು ಹಗುರ ಮಾಡಲಾರೆ. ಯೂಟ್ಯೂಬಿನ ಕಥೆ ಹಾಗಲ್ಲ. ಮಗು ಪ್ರಶ್ನೆ ಕೇಳಿದರೆ ಅದು ನಿಲ್ಲುವುದಿಲ್ಲ, ಮಗುವಿನ ಮುಖ ನೋಡುವುದಿಲ್ಲ. ಪೆಟ್ರಿಶಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳು ಎದುರು ಕೂತು ಓದಿ ಆಡಿಸಿದವರಿಂದ ಚೀನೀ ಭಾಷೆಯ ಧ್ವನಿಗಳನ್ನು ಕಲಿತವು, ಅದೇ ಜನರ ವಿಡಿಯೊದಿಂದ ಕಲಿಯಲಿಲ್ಲ. ಆ ವಯಸ್ಸಿನ ಕಲಿಕೆಗೆ ಮನುಷ್ಯರು ಬೇಕು.

ಆ ಮನುಷ್ಯರು ಅಂಗನವಾಡಿಯಲ್ಲಿದ್ದಾರೆ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿ ಯೋಜನೆ ಆರಂಭವಾದಾಗಿನಿಂದ ಇಂದಿನವರೆಗೆ ಬಡವರ ಮಗುವಿಗೆ ಆರು ವರ್ಷದೊಳಗೆ ಸಿಗುವ ಒಂದೇ ಸಾರ್ವಜನಿಕ ಜಾಗ ಹೆಚ್ಚಾಗಿ ಅದೇ. ಅಲ್ಲಿನ ಕಾರ್ಯಕರ್ತೆಗೆ ಓದು ಬರುತ್ತದೆ, ಊರ ಮಾತೂ ಬರುತ್ತದೆ. ಮನೆಯ ಮಾತಿನಿಂದ ಪುಸ್ತಕದ ಮಾತಿಗೆ ಕಟ್ಟಬೇಕಾದ ಸೇತುವೆಗೆ ಎರಡೂ ಬೇಕು, ಎರಡೂ ಇರುವ ವ್ಯಕ್ತಿ ಆಕೆ. ಆದರೆ ಆಕೆಯ ಹೊತ್ತನ್ನು ನಾವು ಏನು ಮಾಡಿದ್ದೇವೆ ನೋಡಿ. ತೂಕ, ಲಸಿಕೆ, ಆಹಾರ ಹಂಚಿಕೆ, ರಿಜಿಸ್ಟರುಗಳು, ಪೋಷಣ್ ಟ್ರ್ಯಾಕರ್, ಸಮೀಕ್ಷೆ, ಚುನಾವಣೆಯ ಕೆಲಸ. ಮಗುವಿನ ತೂಕ ಬಿದ್ದರೆ ಮೇಲಿನವರು ಕೇಳುತ್ತಾರೆ, ಈ ವಾರ ಯಾವ ಕಥೆ ಓದಿದಿರಿ ಎಂದು ಯಾರೂ ಕೇಳುವುದಿಲ್ಲ. ಅದರ ಮೇಲೆ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದಾಗ ಮೂರು ದಾಟಿದ ಮಕ್ಕಳು ಅಲ್ಲಿಗೆ ಹೋದರೆ ತಮ್ಮ ಗತಿಯೇನು ಎಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕ ನಿಜವಾದದ್ದು. ನನಗಂತೂ ಬೋರ್ಡಿನ ಮೇಲೆ ಏನು ಬರೆದಿದೆ ಎಂಬುದಕ್ಕಿಂತ ಒಳಗೆ ಏನು ನಡೆಯುತ್ತದೆ ಎಂಬುದು ಮುಖ್ಯ. ನಾಲ್ಕು ವರ್ಷದ ಮಗುವಿನ ಕೈಯಲ್ಲಿ ಎ ಬಿ ಸಿ ಡಿ ಬರೆಸುವ ಯುಕೆಜಿಗಿಂತ ದಿನಕ್ಕೊಂದು ಕನ್ನಡ ಪುಸ್ತಕ ಓದುವ ಅಂಗನವಾಡಿ ಮೇಲು. ಮಗುವನ್ನು ಮುಂದೆ ಇಂಗ್ಲಿಷ್ ಮಾಧ್ಯಮಕ್ಕೇ ಹಾಕುವವರಿಗೂ ಈ ಮಾತು ಹೇಳುತ್ತೇನೆ. ಕಥೆ ಕೇಳಿ ತಿಳಿಯುವ ಶಕ್ತಿ ಒಂದು ಭಾಷೆಯಲ್ಲಿ ಬೆಳೆದರೆ ಇನ್ನೊಂದಕ್ಕೂ ಒದಗುತ್ತದೆ, ಯಾವ ಭಾಷೆಯಲ್ಲೂ ಬೆಳೆಯದಿದ್ದರೆ ಎರಡೂ ಕಡೆ ಕೊರತೆ.

ಪುಸ್ತಕಗಳು ಇಲ್ಲ ಎನ್ನುವ ಕಾಲ ಹೋಯಿತು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಯ ಕನ್ನಡ ಚಿತ್ರಪುಸ್ತಕಗಳನ್ನು ತಂದಿದೆ. ಅದರ ಸ್ಟೋರಿವೀವರ್ ಜಾಲತಾಣದಲ್ಲಿ 2015ರಿಂದ ಕಥೆಗಳು ಉಚಿತವಾಗಿ ಸಿಗುತ್ತವೆ, ಯಾರು ಬೇಕಾದರೂ ಅನುವಾದಿಸಬಹುದು. ನಮ್ಮ ಕಡೆಯ ಶಿಕ್ಷಕರು ಅವನ್ನು ನಮ್ಮ ಮಾತಿಗೆ ತಂದರೆ, ಎದುರು ಬದುರು ಪುಟದಲ್ಲಿ ರಾಯಚೂರು ಕನ್ನಡವೂ ಪುಸ್ತಕದ ಕನ್ನಡವೂ ಇರುವ ಒಂದು ಪುಸ್ತಕಮಾಲೆಯಾದರೆ ಎಷ್ಟು ಚೆನ್ನ ಎಂಬುದು ನನ್ನ ಬಹುದಿನದ ಆಸೆ.

ಊರಿನ ಗ್ರಂಥಾಲಯವೂ ಇದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಎಂಬ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಅವು ಅರಿವು ಕೇಂದ್ರಗಳು. ಇತ್ತೀಚಿನ ವರ್ಷಗಳಲ್ಲಿ ಸರ್ಕಾರ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ಮನಸಾರೆ ಹೇಳುತ್ತೇನೆ. ಒಂದು ಕೊರತೆ ಮಾತ್ರ ಕಾಡುತ್ತದೆ. ಆ ಸದಸ್ಯತ್ವ ಇದ್ದದ್ದು 6ರಿಂದ 18 ವರ್ಷದವರಿಗೆ. ಓದು ಬಂದವರಿಗೆ ಗ್ರಂಥಾಲಯ ಎಂಬ ನಮ್ಮ ಹಳೆಯ ತಿಳಿವಳಿಕೆ ಆ ವಯಸ್ಸಿನ ಗೆರೆಯಲ್ಲೂ ಕೂತಿದೆ. ಪುಸ್ತಕ ಹೆಚ್ಚು ಬೇಕಾದದ್ದು ಓದು ಬಾರದ ಮೂರು ವರ್ಷದವರಿಗೆ, ಅವರ ಬದಲು ಓದುವವರೊಬ್ಬರ ಜೊತೆಗೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ಪಂಚಾಯಿತಿಗಳಲ್ಲಿ ತೆರೆದ 'ಕೂಸಿನ ಮನೆ'ಗಳಿಗೂ ಇದೇ ಮಾತು. ಅಲ್ಲಿ ತೊಟ್ಟಿಲು, ಆಟಿಕೆ, ಹಾಲು ಇರಬೇಕೆಂದು ಯಾರಾದರೂ ಹೇಳಬಲ್ಲರು. ಹತ್ತು ಗಟ್ಟಿ ರಟ್ಟಿನ ಚಿತ್ರಪುಸ್ತಕವೂ ಇರಬೇಕು.

ಐದನೆಯ, ಆರನೆಯ ತರಗತಿಯ ಹುಡುಗಿಯರನ್ನು ಈ ಕೆಲಸದಲ್ಲಿ ಮರೆಯಬಾರದು. ಅವ್ವ ಹೊಲಕ್ಕೆ ಹೋದಾಗ ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ತಿರುಗುವವರು ಅವರೇ. ಚಿಕ್ಕವರಿಗೆ ಓದಿ ಹೇಳಲು ಒಂದು ಸುಲಭ ಪುಸ್ತಕ ಕೈಗೆ ಬಂದರೆ ಅವರ ಸ್ವಂತ ಓದಿನ ತಡವರಿಕೆಯೂ ಮರ್ಯಾದೆಯಿಂದ ಕಳೆಯುತ್ತದೆ. ಆರನೆಯ ತರಗತಿಯ ಹುಡುಗಿ ತನಗಾಗಿ ಎರಡನೆಯ ತರಗತಿಯ ಪುಸ್ತಕ ಹಿಡಿಯಲು ನಾಚುತ್ತಾಳೆ, ತಮ್ಮನಿಗಾಗಿ ಹಿಡಿಯಲು ನಾಚುವುದಿಲ್ಲ. ಕೂಸು ಹೊರುವ ಹೊರೆಯಿಂದ ಅವಳನ್ನು ಬಿಡಿಸಬೇಕಾದ್ದು ನಿಜ, ಅದು ಬೇರೆ ಹೋರಾಟ. ಅದು ಗೆಲ್ಲುವವರೆಗೆ ಅವಳ ಕೈಗೆ ಪುಸ್ತಕ ಕೊಡದಿರಲು ಕಾರಣವಿಲ್ಲ.

ಪುರಾಣ ಹಚ್ಚುವ ದಿನಗಳಲ್ಲಿ ಗುಡಿಯ ಮುಂದೆ ಮೈಕು, ಚಾಪೆ, ದೀಪ ಎಲ್ಲ ಸಿದ್ಧವಿರುತ್ತದೆ. ಸಂಜೆ ಮಕ್ಕಳು ಮೊದಲೇ ಬಂದು ಸೇರಿರುತ್ತಾರೆ. ಪುರಾಣಕ್ಕೆ ಮುಂಚೆ ಹದಿನೈದು ನಿಮಿಷ ಅವರಿಗಾಗಿ ಒಂದು ಪುಸ್ತಕ ಓದಿದರೆ, ಮಸೀದಿಯ ಓಣಿಯಲ್ಲೂ ತಾಂಡಾದ ಕಟ್ಟೆಯ ಮೇಲೂ ಅಲ್ಲಿಯ ರೂಢಿಗೆ ತಕ್ಕಂತೆ ಇದು ನಡೆದರೆ, ಓದುವವರನ್ನು ಹುಡುಕಿ ದೂರ ಹೋಗಬೇಕಿಲ್ಲ. ರಾಗ ಹಿಡಿದು, ಅರ್ಥ ಬಿಡಿಸಿ ಓದಬಲ್ಲವರು ನಮ್ಮಲ್ಲಿ ಪ್ರತಿ ಊರಿಗೂ ಒಬ್ಬಿಬ್ಬರು ಇದ್ದೇ ಇದ್ದಾರೆ. ಉಳಿದ ದಿನಗಳಿಗೆ, ಅರಿವು ಕೇಂದ್ರದ ಮೇಲ್ವಿಚಾರಕರು ವಾರಕ್ಕೊಂದು ದಿನ ಒಂದು ಚೀಲ ಚಿತ್ರಪುಸ್ತಕಗಳನ್ನು ಅಂಗನವಾಡಿಗೂ ಕೂಸಿನ ಮನೆಗೂ ಒಯ್ಯಬೇಕು, ಹಳೆಯ ಚೀಲ ಮರಳಿ ತರಬೇಕು, ಹರಿದ ಪುಸ್ತಕಕ್ಕೆ ಯಾರಿಗೂ ದಂಡ ಹಾಕಬಾರದು. ಗ್ರಂಥಾಲಯ ಈಗ ಪಂಚಾಯಿತಿಯ ಕೈಯಲ್ಲೇ ಇದೆ. ಇಷ್ಟನ್ನು ಬರೆದ ಒಂದು ಠರಾವು ಮುಂದಿನ ಗ್ರಾಮಸಭೆಯಲ್ಲೇ ಆಗಬಹುದು.